ಚೋಕ್ ಎಳೆದೆ, ಕೈಗೇ ಬಂತು

ಬೆಳಗ್ಗೆ ಆರೂಕಾಲು ಇರ್ಬೇಕು, ಚಳಿ, ನನ್ ಹಳೇ ಕಾರು ರಾತ್ರಿಯೆಲ್ಲಾ ಹೊರಗೇ ನಿಂತಿತ್ತು. ದಿನಾ ಮಾಡೋ ಹಂಗೆ ಕೀ ತಿರುಗಿಸೋಕ್ ಮುಂಚೆ ಚೋಕ್, ಅಂದ್ರೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗ್ಲಿ ಅಂತ ಡ್ಯಾಶ್‌ಬೋರ್ಡಲ್ಲಿರೋ ನಾಬ್, ಎಳೆದೆ, ಬಿಗಿ ಅನ್ನಿಸ್ತು, ಅದು ಯಾವಾಗ್ಲೂ ಬಿಗೀನೇ ಇತ್ತು ಬಿಡಿ, ಹಂಗಾಗಿ ಇನ್ನೊಂಚೂರು ಜೋರಾಗಿ ಎಳೆದೆ, ಟಕ್ ಅಂತು, ನೋಡಿದ್ರೆ ನಾಬ್ ಸಮೇತ ಒಂದು ಗೇಣುದ್ದ ತಂತಿ ನನ್ ಕೈಯಲ್ಲಿದೆ.

ಪಕ್ಕದ ಸೀಟಲ್ಲಿ ತಮ್ಮ ಕೂತಿದ್ದ. ನನ್ ಕೈ ನೋಡ್ದ, ಡ್ಯಾಶ್‌ಬೋರ್ಡಲ್ಲಿ ಆಗಿದ್ದ ತೂತು ನೋಡ್ದ. "ಅಣ್ಣ, ಇದು ಹಿಂಗೇ ಈಚೆಗ್ ಬರತ್ತಾ?" ಅಂದ. ಇಲ್ಲ ಕಣೋ ಅಂತ ಬಾಯಿಗ್ ಬಂದಂಗೆ ಬೈದೆ, ಅವನಿಗಲ್ಲ, ಕಾರಿಗೆ.

ಚೋಕ್ ಇಲ್ದೆ ಸ್ಟಾರ್ಟ್ ಆಗತ್ತಾ ನೋಡೋಣ ಅಂತ ಎಕ್ಸಲರೇಟರ್ ನಾಲ್ಕು ಸಲ ಪಂಪ್ ಮಾಡಿ ಸೆಲ್ಫ್ ಹೊಡೆದೆ. ಪಂಪ್ ಮಾಡಿದ್ರೆ ಕಾರ್ಬುರೇಟರ್ (ಪೆಟ್ರೋಲ್‌ನ ಗಾಳಿ ಜೊತೆ ಬೆರೆಸೋ ಭಾಗ) ಒಳಗಿನ ಎಕ್ಸಲರೇಟರ್ ಪಂಪ್ ಸ್ವಲ್ಪ ಪೆಟ್ರೋಲ್ ಚಿಮ್ಮಿಸತ್ತೆ, ಅಷ್ಟಕ್ಕೆ ಇಂಜಿನ್ ಹತ್ಕೊಳತ್ತೆ, ಎರಡು ಸೆಕೆಂಡ್ ಓಡತ್ತೆ, ಸತ್ತು ಹೋಗತ್ತೆ. ಮೂರು ಸಲ ಹಂಗೇ ಆಯ್ತು. ಕೊನೆಗೆ ಬಾನೆಟ್ ಎತ್ತಿ, ಏರ್ ಫಿಲ್ಟರ್ ಮುಚ್ಚಳ ತೆಗೆದು, ಕಾರ್ಬುರೇಟರ್ ಬಾಯಲ್ಲಿರೋ ತಟ್ಟೆ ಇದ್ಯಲ್ಲ, ಅದರ ಲಿವರ್‌ನ ಬೆರಳಲ್ಲೇ ತಳ್ಳಿ ಮುಚ್ಚಿದೆ. ಕೈ ಬಿಟ್ರೂ ಅದು ಮುಚ್ಕೊಂಡ್ ಹಂಗೇ ನಿಂತಿತು. ಒಳ್ಳೇದೇ ಆಯ್ತು, ಹಿಡ್ಕೊಂಡು ನಿಲ್ಲೋ ಕಷ್ಟ ತಪ್ತು ಅಂದ್ಕೊಂಡೆ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ ಇದಕ್ಕೆ, ಯಾಕಂದ್ರೆ ಇಡೀ ಕಥೆಯ ಉತ್ತರ ಅಲ್ಲೇ ಕಣ್ಮುಂದೆ ಇತ್ತು, ನಂಗೆ ಹೊಳೀಲಿಲ್ಲ ಅಷ್ಟೇ.

ತಮ್ಮ ಸೆಲ್ಫ್ ಹೊಡ್ದ, ಮೊದಲ್ನೇ ಸಲಕ್ಕೇ ಸ್ಟಾರ್ಟ್. ಒಂದು ನಿಮಿಷ ಬಿಟ್ಟು ತಟ್ಟೆನ ಕೈಯಲ್ಲೇ ತೆರೆದು, ಫಿಲ್ಟರ್ ಮುಚ್ಚಿ ಹೊರಟ್ವಿ. ಮುಂದಿನ ಒಂಬತ್ತು ದಿನ ಬೆಳಗ್ಗೆ ಇದೇ ಪೂಜೆ. ಯಾರಾದ್ರೂ ಹಿಂಗೆ ಮಾಡೋದಾದ್ರೆ ಒಂದು ಮಾತು, ಸೆಲ್ಫ್ ಹೊಡೆಯೋವಾಗ ಕಾರ್ಬುರೇಟರ್ ಮೇಲೆ ಮುಖ ಇಟ್ಕೊಂಡು ಬಗ್ಗಿ ನೋಡ್ಬೇಡಿ. ಫಿಲ್ಟರ್ ಇಲ್ದೇ ಇರೋವಾಗ ಬ್ಯಾಕ್‌ಫೈರ್ ಆದ್ರೆ ಬೆಂಕಿ ನೇರ ಮೇಲಕ್ಕೇ ಬರತ್ತೆ. ನಂಗೆ ಎರಡ್ನೇ ದಿನ ಬರೀ ಪಫ್ ಅಂತ ಒಂದು ಸದ್ದು ಬಂತು, ಅಷ್ಟಕ್ಕೇ ಎರಡು ಹೆಜ್ಜೆ ಹಿಂದಕ್ ಹಾರಿದ್ದೆ.

ಈ ಚೋಕ್ ಮಾಡೋದಾದ್ರೂ ಏನು ಅಂದ್ರೆ, ಬಿಸಿಯಾಗಿರೋ ಇಂಜಿನ್‌ಗೆ ಒಂದು ಭಾಗ ಪೆಟ್ರೋಲ್‌ಗೆ ತೂಕದ ಲೆಕ್ಕದಲ್ಲಿ ಸುಮಾರು 14.7 ಭಾಗ ಗಾಳಿ ಇದ್ರೆ ಸರಿಯಾಗಿ ಉರಿಯತ್ತೆ. ತಣ್ಣಗಿರೋವಾಗ ಪೆಟ್ರೋಲ್ ಪೂರ್ತಿ ಆವಿ ಆಗಲ್ಲ, ಎಷ್ಟೋ ಪಾಲು ಹನಿಹನಿಯಾಗಿ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಒಯ್ಯೋ ಕೊಳವೆ) ಗೋಡೆಗೇ ಅಂಟ್ಕೊಂಡು ಕೂರತ್ತೆ, ಉರಿಯೋದು ಆವಿ ಮಾತ್ರ, ಹಂಗಾಗಿ ಬೇಕಾದಷ್ಟು ಆವಿ ಸಿಗ್ಬೇಕು ಅಂದ್ರೆ ಪೆಟ್ರೋಲ್‌ನೇ ಜಾಸ್ತಿ ಸುರೀಬೇಕು. ತಟ್ಟೆ ಮುಚ್ಚಿದ್ರೆ ಗಾಳಿ ಬರೋ ದಾರಿ ಕಟ್ಟತ್ತೆ, ಇಂಜಿನ್ ಎಳೆಯೋ ಎಳೆತವೆಲ್ಲಾ ಪೆಟ್ರೋಲ್ ಬರೋ ಸಣ್ಣ ತೂತು, ಅಂದ್ರೆ ಜೆಟ್ ಮೇಲೆ ಬೀಳತ್ತೆ, ಪೆಟ್ರೋಲ್ ಜಾಸ್ತಿ ಬರತ್ತೆ. ಇಂಗ್ಲಿಷಲ್ಲಿ ಚೋಕ್ ಅಂದ್ರೆ ಕತ್ತು ಹಿಸುಕೋದು, ಆ ಹೆಸರೇ ಸರಿಯಾಗಿದೆ ಅದಕ್ಕೆ. ಇದರ ಜೊತೆಗೇ ನಾಬಿಂದ ತಟ್ಟೆಗೆ ಬರೋ ಅದೇ ಕೇಬಲ್ ಇನ್ನೊಂದು ಕೆಲಸನೂ ಮಾಡತ್ತೆ, ಚೋಕ್ ಲಿವರ್ ತಿರುಗಿದ್ರೆ ಪಕ್ಕದಲ್ಲಿರೋ ಒಂದು ಕ್ಯಾಮ್ (ಉಬ್ಬಿರೋ ಬಿಲ್ಲೆ) ತಿರುಗಿ, ಎಕ್ಸಲರೇಟರ್ ಒತ್ತಿದಾಗ ತೆರೆಯೋ ಬಾಗಿಲು ಅಂದ್ರೆ ಥ್ರಾಟಲ್‌ನ ಚೂರೇ ಚೂರು ತೆರೆಯತ್ತೆ, ಐಡ್ಲಿಂಗ್, ಅಂದ್ರೆ ಎಕ್ಸಲರೇಟರ್ ಒತ್ತದೇ ಇದ್ದಾಗಿನ ಇಂಜಿನ್ ವೇಗ, ಏರತ್ತೆ. ಅರ್ಧ ಚೋಕಲ್ಲಿ ಇಂಜಿನ್ ಜೋರಾಗಿ ಓಡೋದು ಅದಕ್ಕೇ.

ಎಲ್ಲಾ ಕಾರಲ್ಲೂ ತಟ್ಟೆನೇ ಇರತ್ತೆ ಅಂತಲ್ಲ. ಎಸ್‌ಯು ಅನ್ನೋ ಕಂಪನಿಯ ಕಾರ್ಬುರೇಟರ್‌ನಲ್ಲಿ ತಟ್ಟೆನೇ ಇಲ್ಲ, ಅದರ ಹಳೇ ಮಾದರಿಗಳಲ್ಲಿ ಚೋಕ್ ಎಳೆದ್ರೆ ಜೆಟ್ಟೇ ಕೆಳಗಿಳಿಯತ್ತೆ, ಜೆಟ್ ಒಳಗಿರೋ ಸೂಜಿ ತುದಿಗೆ ಹೋಗ್ತಾ ಸಣ್ಣಗಾಗೋದ್ರಿಂದ ಸುತ್ತ ಸಂದಿ ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಬರತ್ತೆ. ಸ್ಟ್ರಾಂಬರ್ಗ್ ಕಂಪನಿಯ ಕೆಲವು ಕಾರ್ಬುರೇಟರ್‌ಗಳಲ್ಲಿ ಪಕ್ಕದಲ್ಲೊಂದು ತಿರುಗೋ ಬಿಲ್ಲೆ ಇರತ್ತೆ. ನನ್ನದು ತಟ್ಟೆದು, ಇಲ್ಲಿ ಬರೆದಿರೋದೆಲ್ಲಾ ಅದಕ್ಕೇ. ಕೇಬಲ್ ಬದಲಾಯಿಸೋ ಕೆಲಸ ಮಾತ್ರ ಎಲ್ಲದ್ರಲ್ಲೂ ಹೆಚ್ಚುಕಮ್ಮಿ ಒಂದೇ.

ನನ್ ಕಾರಿಗೇ ಅಂತ ಮಾಡಿದ ಕೇಬಲ್ ಎಲ್ಲೂ ಸಿಗ್ಲಿಲ್ಲ. ಎಲ್ಲಾ ಕಾರಿಗೂ ಆಗತ್ತೆ ಅನ್ನೋ ಉದ್ದದ ಯೂನಿವರ್ಸಲ್ ಕೇಬಲ್ ತರಿಸ್ದೆ, ನಾಬ್ ತಿರುಗಿಸಿದ್ರೆ ಎಲ್ಲಿ ಬೇಕೋ ಅಲ್ಲಿ ಲಾಕ್ ಆಗೋ ಥರದ್ದು. ತರಿಸೋಕ್ ಮುಂಚೆ ಒಂದು ದಾರ ತಗೊಂಡು ಡ್ಯಾಶ್‌ಬೋರ್ಡಿಂದ ಕಾರ್ಬುರೇಟರ್ ತನಕ ಹಳೇ ಕೇಬಲ್ ಹೋಗಿದ್ದ ದಾರೀಲೇ ಹಾಕಿ ಅಳತೆ ತಗೊಂಡಿದ್ದೆ, ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಬ್ಯಾಟರಿ ನೆಗೆಟಿವ್ ಬಿಚ್ಚಿ ಶುರು ಮಾಡ್ದೆ. ಡ್ಯಾಶ್‌ಬೋರ್ಡ್ ಹಿಂದೆ ಸ್ಪ್ಯಾನರ್ ಹಾಕೋವಾಗ ಇಗ್ನಿಷನ್ ಸ್ವಿಚ್ ವೈರಿಗೆ ತಗುಲಿದ್ರೆ ಆಟ ಮುಗೀತು, ಹಳೇ ಕಾರುಗಳಲ್ಲಿ ಆ ವೈರಿಗೆ ಎಷ್ಟೋ ಕಡೆ ಫ್ಯೂಸೇ ಇರಲ್ಲ. ಕಾರ್ಬುರೇಟರ್ ಬಾಯಿಗೆ ಬಟ್ಟೆ ತುರುಕಿ, ಲಿವರ್ ಹತ್ರ ತಂತಿ ಹಿಡ್ಕೊಂಡಿರೋ ಪುಟ್ಟ ಸ್ಕ್ರೂ ಸಡಿಲ ಮಾಡಿ, ಔಟರ್ (ತಂತಿ ಮೇಲಿನ ಕವಚ) ಹಿಡ್ಕೊಂಡಿರೋ ಕ್ಲಾಂಪ್ ಬಿಚ್ಚಿ, ಹಳೇ ಕೇಬಲ್‌ನ ಒಳಗಿಂದ ಎಳ್ಕೊಂಡೆ. ಬಟ್ಟೆ ಮರೀಬೇಡಿ. ಆ ಸ್ಕ್ರೂ ಅಕ್ಕಿಕಾಳಿನಷ್ಟಿರತ್ತೆ, ಅದು ಕಾರ್ಬುರೇಟರ್ ಒಳಗೆ ಬಿದ್ರೆ ಆಮೇಲೆ ಚೋಕ್ ವಿಷಯ ಯಾರಿಗೂ ನೆನಪಿರಲ್ಲ.

ಹಳೇ ಔಟರ್ ಈಚೆಗ್ ಬಂದ್ಮೇಲೆ ನೋಡಿದ್ರೆ ಫೈರ್‌ವಾಲ್, ಅಂದ್ರೆ ಇಂಜಿನ್‌ಗೂ ನಾವು ಕೂರೋ ಜಾಗಕ್ಕೂ ಮಧ್ಯದ ತಗಡು, ದಾಟೋ ಜಾಗದಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕೋ ಬಳೆ) ಪುಡಿಪುಡಿ, ಔಟರ್ ಅಲ್ಲೇ ಮೊಣಕೈ ಥರ ಬಗ್ಗಿ, ತುಕ್ಕು. ತಂತಿ ತುಂಡಾಗಿದ್ದೂ ಸರಿಯಾಗಿ ಅದೇ ಜಾಗದಲ್ಲಿ. ಸರಿ, ಕಾರಣ ಸಿಕ್ತು, ತುಕ್ಕು ಅಂತ ತೀರ್ಮಾನ ಮಾಡ್ಬಿಟ್ಟೆ. ಇನ್ನೊಂದು ಅನುಮಾನನೂ ಪರಿಹಾರ ಮಾಡ್ಕೊಂಡೆ, ಇದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಇಂಜಿನ್‌ನಿಂದ ಬಾಡಿಗೆ ಹೋಗೋ ಅರ್ಥ್ ಪಟ್ಟಿ ಸಡಿಲ ಆಗಿದ್ರೆ ಸ್ಟಾರ್ಟರ್ ಮೋಟರ್‌ನ ಕರೆಂಟು ವಾಪಸ್ ಹೋಗೋಕೆ ಬೇರೆ ದಾರಿ ಹುಡುಕತ್ತೆ, ಸಿಗೋದು ಚೋಕ್ ಕೇಬಲ್ಲೋ ಎಕ್ಸಲರೇಟರ್ ಕೇಬಲ್ಲೋ, ಅದು ಕಾದು ಕೆಂಪಾಗಿ ಒಳಗಿನ ತಂತಿ ಔಟರ್‌ಗೇ ಅಂಟ್ಕೊಂಡ್ ಬಿಡತ್ತೆ. ಹಂಗೆ ಹೋಗಿರೋ ಕೇಬಲ್ ಹಾಕಿದಷ್ಟು ಸಲನೂ ಹೋಗತ್ತೆ. ನನ್ ತಂತೀಲಿ ಸುಟ್ಟ ಬಣ್ಣ ಇರ್ಲಿಲ್ಲ, ಆದ್ರೂ ಸಮಾಧಾನಕ್ಕೆ ಬ್ಯಾಟರಿ ಒಂದ್ಸಲ ಜೋಡಿಸಿ ಸೆಲ್ಫ್ ಹೊಡೆಸಿ ಇಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ ಮೀಟರ್ ಹಿಡಿದೆ, 0.2 ವೋಲ್ಟ್, ಪರವಾಗಿಲ್ಲ.

ಈಗ ಹೊಸ ಕೇಬಲ್. ಡ್ಯಾಶ್‌ಬೋರ್ಡ್ ತೂತಿಂದ ಒಳಗೆ ಬಿಟ್ಟೆ, ಸ್ಟೀರಿಂಗ್ ಕೆಳಗೆ ತಲೆಕೆಳಗಾಗಿ ಮಲ್ಕೊಂಡು ಬಾಯಲ್ಲಿ ಟಾರ್ಚ್ ಕಚ್ಕೊಂಡು ಫೈರ್‌ವಾಲ್ ತೂತಿಗೆ ತೂರಿಸ್ದೆ, ಹೊಸಾ ಗ್ರಾಮೆಟ್ ಬಿಗಿಯಾಗಿತ್ತು, ಸೋಪಿನ ನೀರು ಹಚ್ಚಿ ಹಚ್ಚಿ ಇಪ್ಪತ್ತು ನಿಮಿಷಕ್ಕೆ ಆಚೆ ಕಡೆಗೆ ಬಂತು, ಎದ್ದು ಬಂದು ಇಂಜಿನ್ ಕಡೆಯಿಂದ ಎಳೆದು ನೀಟಾಗಿ ದಾರಿ ಮಾಡಿ ಕೂರಿಸಿ, ಬೆವರು ಒರೆಸ್ಕೊಂಡು, ಇನ್ನೇನು ನಾಬ್ ಹಿಂದಿನ ನಟ್ ಟೈಟ್ ಮಾಡಿದ್ರೆ ಮುಗೀತು ಅಂತ ನೋಡ್ತೀನಿ, ನಟ್ಟೂ ಸ್ಟಾರ್ ವಾಷರ್ರೂ ಸೀಟ್ ಮೇಲೆ ಆರಾಮಾಗಿ ಕೂತಿವೆ.

ಗೊತ್ತಾಗ್ದೇ ಇರೋರಿಗೆ ಹೇಳ್ತೀನಿ, ಆ ನಟ್ಟು ಡ್ಯಾಶ್‌ಬೋರ್ಡ್ ಹಿಂದಿನಿಂದ ಬಿಗಿಯೋದು. ಕೇಬಲ್ ಫೈರ್‌ವಾಲ್‌ಗೆ ಹೋಗೋಕ್ ಮುಂಚೆನೇ, ಡ್ಯಾಶ್‌ಬೋರ್ಡ್ ದಾಟಿದ ತಕ್ಷಣ, ಮೊದ್ಲು ವಾಷರ್ ಆಮೇಲೆ ನಟ್ಟು ಮಣಿ ಪೋಣಿಸ್ದಂಗೆ ಕೇಬಲ್ ತುದಿಯಿಂದ ಪೋಣಿಸ್ಕೊಂಡು ಬರ್ಬೇಕು. ಒಂದ್ಸಲ ಆಚೆ ದಾಟಿದ್ಮೇಲೆ ಬೇರೆ ದಾರಿ ಇಲ್ಲ, ಪೂರ್ತಿ ವಾಪಸ್ ಎಳೀಬೇಕು. ಎಳೆದೆ. ತಮ್ಮ ಏನೂ ಮಾತಾಡ್ಲಿಲ್ಲ, ನಟ್ಟು ಒಂದು ಕೈಯಲ್ಲಿ ವಾಷರ್ ಒಂದು ಕೈಯಲ್ಲಿ ಹಿಡ್ಕೊಂಡು ನಿಂತಿದ್ದ, ನಗು ತಡ್ಕೊಂಡು ಮೂತಿ ಕೆಂಪಾಗಿತ್ತು ಅಷ್ಟೇ.

ಎರಡ್ನೇ ಸಲ ತೂರ್ಸಿದ್ದು ಬೇಗ ಆಯ್ತು. ಉದ್ದ ಜಾಸ್ತಿ ಇತ್ತು, ಕತ್ತರಿಸೋ ಕೆಲಸ. ಒಳಗಿನ ತಂತಿನ ಪೂರ್ತಿ ಈಚೆಗೆ ಎಳ್ಕೊಂಡು ಆಮೇಲೆ ಔಟರ್ ಮಾತ್ರ ಆಕ್ಸಾ ಬ್ಲೇಡಲ್ಲಿ ಕೊಯ್ದೆ, ತಂತಿ ಒಳಗಿದ್ದಾಗ್ಲೇ ಕೊಯ್ದ್ರೆ ತಂತಿಗೂ ಗಾಯ ಆಗತ್ತೆ. ಔಟರ್ ಅಂದ್ರೆ ಸುರುಳಿ ಸುತ್ತಿದ ಸ್ಟೀಲು, ಕೊಯ್ದ ತುದೀಲಿ ಒಂದು ಚೂಪು ಮುಳ್ಳು ಉಳ್ಕೊಳತ್ತೆ, ಅದು ಒಳಮುಖ ಆಗಿದ್ರೆ ತಂತಿನ ಕೆರೀತಾನೇ ಇರತ್ತೆ. ಅರ ಹಿಡಿದು ಉಜ್ಜಿ ನುಣ್ಣಗೆ ಮಾಡ್ದೆ. ತಂತಿಗೆ ತೆಳ್ಳಗೆ ಗ್ರೀಸ್ ಸವರಿ ವಾಪಸ್ ಬಿಟ್ಟೆ. ದಾರಿ ಹಾಕೋವಾಗ ಚೂಪು ತಿರುವು ಎಲ್ಲೂ ಬರದ ಹಾಗೆ ದೊಡ್ಡ ಬಳಸು ಕೊಟ್ಟೆ, ಸೈಲೆನ್ಸರ್ ಮ್ಯಾನಿಫೋಲ್ಡಿಂದ ದೂರ, ಬ್ಯಾಟರಿ ಟರ್ಮಿನಲ್‌ಗೆ ತಾಗ್ದಂಗೆ. ಇಂಜಿನ್ ಮೌಂಟಿಂಗ್ ಮೇಲೆ ಅಲ್ಲಾಡತ್ತಲ್ಲ, ಹಂಗಾಗಿ ಎಳೆದು ಕಟ್ದಂಗೆ ನೇರ ಹಾಕ್ಬಾರ್ದು.

ಕಾರ್ಬುರೇಟರ್ ಕಡೆ ಜೋಡಿಸೋದು ಹಿಂಗೆ. ಮೊದ್ಲು ಔಟರ್‌ನ ಕ್ಲಾಂಪಲ್ಲಿ ಗಟ್ಟಿ ಹಿಡಿಸ್ಬೇಕು, ಅದು ಜಾರಿದ್ರೆ ನಾಬ್ ಎಳೆದಾಗ ತಂತಿ ಬದ್ಲು ಇಡೀ ಕೇಬಲ್ಲೇ ಹಾವಿನ ಥರ ಅಲ್ಲಾಡತ್ತೆ, ತಟ್ಟೆ ಕದಲಲ್ಲ. ಆಮೇಲೆ ನಾಬ್ ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ ಒಂದೆರಡು ಮಿಲಿಮೀಟರ್ ಈಚೆಗೆ ಎಳೆದು ಬಿಡ್ಬೇಕು. ತಟ್ಟೆನ ಕೈಯಲ್ಲಿ ಪೂರ್ತಿ ತೆರೆದು ನೆಟ್ಟಗೆ ನಿಲ್ಸಿ ಈಗ ತಂತಿ ಸ್ಕ್ರೂ ಬಿಗೀಬೇಕು. ಆ ಎರಡು ಮಿಲಿಮೀಟರ್ ಇದ್ರೆ ನಾಬ್ ಒಳಗೆ ಹಾಕಿದಾಗ ತಟ್ಟೆ ಖಂಡಿತ ಪೂರ್ತಿ ತೆರೆಯತ್ತೆ. ಸ್ಕ್ರೂನ ಸಿಕ್ಕಾಪಟ್ಟೆ ಬಿಗಿದ್ರೆ ತಂತಿ ಚಪ್ಪಟೆಯಾಗಿ ಅಲ್ಲೇ ಮುರಿಯತ್ತೆ. ಉಳಿದ ತಂತಿ ತುದಿನ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಅದು ಉದ್ದ ಉಳಿದು ಥ್ರಾಟಲ್ ಲಿಂಕಿಗೆ ಸಿಕ್ಕಾಕೊಂಡ್ರೆ ಎಕ್ಸಲರೇಟರ್ ಒತ್ತಿದ ಹಾಗೇ ನಿಂತ್ಬಿಡತ್ತೆ, ಅದಕ್ಕಿಂತ ಚೋಕ್ ಇಲ್ದೆ ಇರೋದೇ ವಾಸಿ.

ಎಲ್ಲಾ ಆಯ್ತು. "ಎಳ್ಯೋ" ಅಂದೆ. ತಮ್ಮ ಒಳಗಿಂದ ಎಳ್ದ. "ಬಿಗಿ ಇದೆ ಅಣ್ಣ" ಅಂದ.

ಹೊಸಾ ಕೇಬಲ್, ಗ್ರೀಸ್ ಹಾಕಿದೀನಿ, ಒಂದೂ ಚೂಪು ತಿರುವಿಲ್ಲ, ಬಿಗಿ ಹೆಂಗಿರತ್ತೆ? ನಾನೇ ಹೋಗಿ ಎಳೆದೆ. ಅದೇ ಹಳೇ ಬಿಗಿ! ಅಂದ್ರೆ ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಕೈಗೆ ಸಿಗ್ತಿದ್ದ ಅದೇ ಬಿಗಿ. ಒಳಗೆ ತಳ್ಳಿದ್ರೆ ಕೊನೇ ಅರ್ಧ ಇಂಚು ಹೋಗ್ತಾನೇ ಇಲ್ಲ, ತಂತಿ ಲಿವರ್ ಹತ್ರ ಬಿಲ್ಲಿನ ಥರ ಬಗ್ತಿದೆ.

ಆಗ ಹೊಳೀತು. ಆ ದಿನ ಬೆರಳಲ್ಲಿ ತಟ್ಟೆ ಮುಚ್ಚಿ ಕೈ ಬಿಟ್ಟಾಗ ಅದು ಅಲ್ಲೇ ನಿಂತಿತ್ತಲ್ಲ? ಲಿವರ್‌ಗೊಂದು ಸ್ಪ್ರಿಂಗ್ ಇದೆ, ಕೈ ಬಿಟ್ರೆ ಠಪ್ ಅಂತ ತೆರ್ಕೊಳ್ಬೇಕು ಅದು. ತಂತಿ ಸ್ಕ್ರೂ ಬಿಚ್ಚಿ ತಟ್ಟೆನ ಕೈಯಲ್ಲಿ ಆಡಿಸ್ದೆ, ತಟ್ಟೆ ತಿರುಗೋ ಕಡ್ಡಿ, ಅಂದ್ರೆ ಸ್ಪಿಂಡಲ್ಲು, ಎರಡೂ ಕಡೆ ಗಟ್ಟಿ. ವರ್ಷಗಟ್ಟಲೆ ಪೆಟ್ರೋಲ್ ಅಂಟು, ಧೂಳು, ಅದರ ಮೇಲೆ ಹಿಂದೆ ಯಾರೋ ಹಾಕಿದ ಮಂದ ಎಣ್ಣೆ (ಯಾರೋ ಅಲ್ಲ, ನಾನೇ, ಇಂಜಿನ್ ಆಯಿಲ್, ಚೆನ್ನಾಗಿ ಆಡ್ಲಿ ಅಂತ). ಕೇಬಲ್ ಬಿಗಿಯಾಗಿದ್ದಿದ್ದು ತುಕ್ಕಿಂದ ಅಲ್ಲ, ಈ ಕಡೆ ತಟ್ಟೆ ತಿರುಗ್ತಾ ಇರ್ಲಿಲ್ಲ, ನಾನು ಆ ಕಡೆಯಿಂದ ದಿನಾ ಜೋರು ಮಾಡ್ತಿದ್ದೆ, ಇಬ್ಬರ ಜಗಳದಲ್ಲಿ ಮಧ್ಯೆ ಬಗ್ಗಿದ್ದ ಜಾಗದಲ್ಲಿ ತಂತಿ ಸತ್ತಿತ್ತು. ಒಂದು ಸ್ಕ್ರೂ ಬಿಚ್ಚಿ ಮೂರು ಸೆಕೆಂಡ್ ತಟ್ಟೆ ಆಡ್ಸಿ ನೋಡಿದ್ರೆ ಮೊದಲ್ನೇ ದಿನವೇ ಗೊತ್ತಾಗ್ತಿತ್ತು.

ಕಾರ್ಬ್ ಕ್ಲೀನರ್ ಸ್ಪ್ರೇ ತಂದು ಸ್ಪಿಂಡಲ್‌ನ ಎರಡೂ ತುದಿಗೆ ಹೊಡೆದೆ, ಐದು ನಿಮಿಷ ಬಿಟ್ಟು ಆಡಿಸ್ದೆ, ಕಂದು ಬಣ್ಣದ ಕಷಾಯ ಇಳೀತು. ಮತ್ತೆ ಹೊಡೆದೆ, ಮತ್ತೆ ಆಡಿಸ್ದೆ. ಆರೇಳು ಸಲ ಆದ್ಮೇಲೆ ಠಪ್ ಅಂತು ನೋಡಿ, ಆ ಸದ್ದು ಕೇಳಿ ನಂಗಾದ ಸಂತೋಷ ಹೇಳೋಕಾಗಲ್ಲ, ಸುಮ್ನೆ ಹತ್ತು ಹದಿನೈದು ಸಲ ಠಪ್ ಠಪ್ ಅನ್ನಿಸ್ದೆ. ಬರೀ ಬೆರಳ ಭಾರಕ್ಕೆ ತಿರುಗತ್ತೆ ಈಗ. ತಟ್ಟೆನೇ ಬಿಚ್ಚಿ ತೊಳೆಯೋಣ ಅಂತ ಒಂದು ಆಸೆ ಬಂತು, ಬಿಟ್ಟೆ. ಆ ತಟ್ಟೆಯ ಎರಡು ಸ್ಕ್ರೂಗಳ ತುದಿನ ಸಡಿಲ ಆಗಿ ಇಂಜಿನ್ ಒಳಗೆ ಬೀಳಬಾರ್ದು ಅಂತ ಬಡಿದು ಚಪ್ಪಟೆ ಮಾಡಿರ್ತಾರೆ, ಬಿಚ್ಚೋಕ್ ಹೋದ್ರೆ ಸ್ಕ್ರೂ ತುಂಡಾಗೋದೇ ಜಾಸ್ತಿ. ಈ ಸಲ ಎಣ್ಣೆ ಹಾಕ್ಲಿಲ್ಲ.

ಕೇಬಲ್ ಮತ್ತೆ ಜೋಡಿಸ್ದೆ, "ಎಳ್ಯೋ", "ಬೆಣ್ಣೆ ಅಣ್ಣ", "ಬಿಡು", ಠಪ್.

ಇಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಮಾರನೇ ದಿನ ಬೆಳಗ್ಗೆ ಪೂರ್ತಿ ಚೋಕ್ ಎಳೆದು ಸೆಲ್ಫ್ ಹೊಡೆದೆ, ಅರ್ಧ ಸೆಕೆಂಡಲ್ಲಿ ಸ್ಟಾರ್ಟ್, ಆದ್ರೆ ಇಂಜಿನ್ ಕಿರುಚ್ತಿದೆ. ಕಾರಣ ಫಾಸ್ಟ್ ಐಡಲ್ ಸ್ಕ್ರೂ, ಚೋಕ್ ಎಳೆದಾಗ ಕ್ಯಾಮ್ ಥ್ರಾಟಲ್‌ನ ಎಷ್ಟು ತೆರೀಬೇಕು ಅಂತ ಸೆಟ್ ಮಾಡೋದು. ತಟ್ಟೆ ಅರ್ಧಕ್ಕೇ ನಿಲ್ತಿದ್ದ ಕಾಲದಲ್ಲಿ ಕ್ಯಾಮ್ ಪೂರ್ತಿ ತಿರುಗ್ತಿರ್ಲಿಲ್ಲ, ಚಳೀಲಿ ಇಂಜಿನ್ ನಿಂತು ಹೋಗತ್ತೆ ಅಂತ ಆ ಸ್ಕ್ರೂನ ನಾನೇ ಒಳಗೆ ತಿರುಗಿಸಿ ಇಟ್ಟಿದ್ದೆ. ಈಗ ಕ್ಯಾಮ್ ಪೂರ್ತಿ ತಿರುಗತ್ತೆ, ಹಳೇ ಲೆಕ್ಕ ಉಲ್ಟಾ. ಇಂಜಿನ್ ಬಿಸಿ ಆದ್ಮೇಲೆ ಕಾರಿನ ಪುಸ್ತಕದಲ್ಲಿ ಹೇಳಿರೋ ಜಾಗಕ್ಕೆ ನಾಬ್ ಎಳೆದು ಅದರಲ್ಲಿರೋ ಆರ್‌ಪಿಎಂಗೆ ಸ್ಕ್ರೂ ಸೆಟ್ ಮಾಡಿದೆ, ನನ್ನದಕ್ಕೆ 1,200. ನಾಬ್ ಪೂರ್ತಿ ಒಳಗಿದ್ದಾಗ ಆ ಸ್ಕ್ರೂಗೂ ಕ್ಯಾಮ್‌ಗೂ ಮಧ್ಯೆ ಕೂದಲೆಳೆಯಷ್ಟಾದ್ರೂ ಸಂದಿ ಇರ್ಬೇಕು, ಇಲ್ಲಾಂದ್ರೆ ಇಂಜಿನ್ ಬಿಸಿಯಾದ್ರೂ ಐಡ್ಲಿಂಗ್ ಇಳಿಯಲ್ಲ. ಇದನ್ನೆಲ್ಲಾ ಬಯಲಲ್ಲೇ ಮಾಡಿ, ಚೋಕ್ ಹಾಕಿದ ಇಂಜಿನ್ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ, ಬಾಗಿಲು ಹಾಕಿದ ಶೆಡ್ಡಲ್ಲಿ ಬೇಡ್ವೇ ಬೇಡ.

ಆಮೇಲೆ ಐಡ್ಲಿಂಗಲ್ಲಿ ಮಿಸ್ಸಿಂಗ್ ಶುರು ಆಯ್ತು, ಬಿಸಿ ಇಂಜಿನ್, ಚೋಕ್ ಒಳಗಿದೆ, ಆದ್ರೂ ಗುಡುಗುಡು. ಇದೂ ನನ್ ಪಾಪದ್ದೇ. ಎರಡು ವರ್ಷದ ಹಿಂದೆ ಪೆಟ್ರೋಲ್ ಜಾಸ್ತಿ ಕುಡೀತಿದೆ, ಪ್ಲಗ್‌ಗಳು ಮಸಿ ಹಿಡೀತಿವೆ ಅಂತ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಮ್ಮಿ ಮಾಡಿಟ್ಟಿದ್ದೆ. ಆವಾಗ ತಟ್ಟೆ ಪೂರ್ತಿ ತೆರೀತಾನೇ ಇರ್ಲಿಲ್ಲ, ಸದಾ ಕಾಲು ಭಾಗ ಚೋಕಲ್ಲೇ ಕಾರು ಓಡ್ತಿತ್ತು, ಅದನ್ನ ಬಿಟ್ಟು ಮಿಕ್ಸ್ಚರ್‌ನ ಶಿಕ್ಷಿಸಿದ್ದೆ. ಈಗ ಗಾಳಿ ಸರಿಯಾಗಿ ಬರ್ತಿದೆ, ಪೆಟ್ರೋಲ್ ಸಾಲ್ತಿಲ್ಲ. ಸ್ಕ್ರೂನ ಕಾಲು ಕಾಲು ಸುತ್ತು ಹೊರಗೆ ತಿರುಗಿಸ್ತಾ ಇಂಜಿನ್ ನುಣ್ಣಗೆ ಓಡೋ ಜಾಗದಲ್ಲಿ ಬಿಟ್ಟೆ. ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಅಳೆಯೋ ಕಡ್ಡಿ) ತೆಗೆದು ಮೂಸಿದ್ರೆ ಆಯಿಲಲ್ಲಿ ಪೆಟ್ರೋಲ್ ವಾಸನೆ. ಚೋಕಲ್ಲೇ ಓಡಿದ್ರೆ ಉರಿಯದೇ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆ ತೊಳ್ಕೊಂಡು ಕೆಳಗೆ ಆಯಿಲಿಗೆ ಸೇರತ್ತೆ, ಆಯಿಲ್ ನೀರಿನಂಗೆ ತೆಳ್ಳಗಾಗತ್ತೆ, ಇಂಜಿನ್ ಸವೆಯತ್ತೆ. ಆಯಿಲ್ಲೂ ಫಿಲ್ಟರ್ರೂ ಬದಲಾಯಿಸ್ದೆ.

ಮೂರು ವಾರ ಆಯ್ತು. ಮೊನ್ನೆ ಪ್ಲಗ್ ಬಿಚ್ಚಿ ನೋಡ್ದೆ, ಮಸಿ ಹೋಗಿ ತಿಳಿ ಕಂದು ಬಣ್ಣ, ಬಿಸ್ಕತ್ ಥರ. ಬೆಳಗ್ಗೆ ಎರಡು ಬೆರಳಲ್ಲಿ ಚೋಕ್ ಎಳೆದು, ಸ್ಟಾರ್ಟ್ ಮಾಡಿ, ಬೀದಿ ತುದಿ ಮುಟ್ಟೋಷ್ಟರಲ್ಲಿ ಅರ್ಧ ತಳ್ಳಿ, ಇನ್ನೊಂದು ಕಿಲೋಮೀಟರಲ್ಲಿ ಪೂರ್ತಿ ಒಳಗೆ.

ಒಂದೇ ಒಂದು ಕೊರತೆ. ಹೊಸಾ ನಾಬ್ ಮೇಲೆ ಬಿಳೀ ಬಣ್ಣದಲ್ಲಿ ಚೋಕ್ ಗುರುತಿದೆ, ಅದು ನೆಟ್ಟಗಿಲ್ಲ, ವಾರೆ ಕೂತಿದೆ. ನಟ್ ಬಿಗಿಯೋವಾಗ ನಾಬ್ ಕೂತಿರೋ ಇಡೀ ಬಾಡಿನೇ ಸ್ವಲ್ಪ ತಿರುಗಿಬಿಟ್ಟಿದೆ. ತಮ್ಮ ಕಾರು ಹತ್ತಿದಾಗೆಲ್ಲಾ ಅದನ್ನೇ ನೋಡ್ತಾನೆ, ಕತ್ತು ಒಂದು ಕಡೆ ವಾಲಿಸ್ಕೊಂಡು ನೋಡ್ತಾನೆ. ಸರಿ ಮಾಡ್ಬೇಕು ಅಂದ್ರೆ ಮತ್ತೆ ಸ್ಟೀರಿಂಗ್ ಕೆಳಗೆ ಟಾರ್ಚ್ ಕಚ್ಕೊಂಡು ಮಲ್ಕೊಂಡು ಆ ನಟ್ ಸಡಿಲ ಮಾಡ್ಬೇಕು. ಮಾಡಲ್ಲ.